ಸಾಹೇಬರ ಮೂರನೇ ಚಾನೆಲ್

ನೆಟ್‌ವರ್ಕ್ ಹೇಗೆ ಸುಧಾರಿಸ್ತು ಅಂತ ಆರಾಮಾಗಿ ಕೇಳ್ತೀರಿ, ಅದರ ಕಷ್ಟ ನನ್ನ ಕಿವಿಗೆ ಗೊತ್ತು. ನಾನು ಅರಣ್ಯ ಕಚೇರೀಲಿ ವೈರ್‌ಲೆಸ್ ಆಪರೇಟರ್. ಕಾಡಿಂದ ಆನೆ ಹೊರಟ್ರೆ ವಾಚರ್‌ಗಳು ವಾಕಿಟಾಕೀಲಿ ನನಗೆ ಹೇಳ್ಬೇಕು, ನಾನು ಊರಿಗೆ ಸುದ್ದಿ ಮುಟ್ಟಿಸ್ಬೇಕು. ಅದರಲ್ಲಿ ಒಬ್ಬರು ಮಾತಾಡ್ತಿದ್ರೆ ಉಳಿದವರ ಬಾಯಿ ಬಂದ್. ಮಾತಾಡ್ತಿದ್ದವರು ನಮ್ಮ ಹೊಸ ಸಾಹೇಬರು. ಬೆಳಗ್ಗೆ ಆರಕ್ಕೆ ಶಿಸ್ತು, ಏಳಕ್ಕೆ ಕರ್ತವ್ಯ, ಎಂಟಕ್ಕೆ ಅವರ ಬಾಲ್ಯ. ಆನೆ ಬಾಳೆತೋಟ ಮುಗಿಸಿ ವಾಪಸ್ ಹೋದ್ಮೇಲೆ ನನಗೆ ಸುದ್ದಿ ಸಿಕ್ತಿತ್ತು.

ಸಾಹೇಬರು ನನ್ನನ್ನೇ ಕರೆದು ಗದರಿದ್ರು. "ಏನ್ರೀ, ನೆಟ್‌ವರ್ಕ್ ಇಷ್ಟು ನಿಧಾನ? ಸೋಮವಾರದೊಳಗೆ ಸರಿ ಮಾಡಿ. ಇಲ್ದಿದ್ರೆ ನಿಮ್ಮನ್ನ ಬೇರೆ ಜಿಲ್ಲೆಗೆ ಎತ್ತಾಕ್ತೀನಿ."

"ಆಗ್ಲಿ ಸರ್. ತಮಗೆ ಅಂತಾನೇ ಒಂದು ಚಾನೆಲ್ ಇರ್ಬೇಕು" ಅಂದು ಅವರ ಸೆಟ್ಟನ್ನ ಮೂರನೇ ಚಾನೆಲ್‌ಗೆ ತಿರುಗಿಸಿಟ್ಟೆ. ವಾಚರ್‌ಗಳೆಲ್ಲ ಹಳೇ ಚಾನೆಲ್‌ನಲ್ಲೇ ಉಳಿದ್ರು. ಮೂರನೇದರಲ್ಲಿ ಕೇಳೋನು ನಾನೊಬ್ಬನೇ, ಇನ್ನೊಂದು ಸೆಟ್ ಪಕ್ಕದಲ್ಲಿ ಇಟ್ಕೊಂಡು.

ಅವತ್ತಿಂದ ಆನೆ ಕಾಡು ದಾಟೋ ಮೊದ್ಲೇ ಊರಿಗೆ ಗೊತ್ತಾಗುತ್ತೆ. ಇತ್ತ ಸಾಹೇಬರ ದನಿ ಬೆಳಗಿನ ಮಂಜಿನ ಜೊತೆ ತೇಲ್ತಾ ಹೋಗುತ್ತೆ. ಅವರ ಊರಿನ ಕೆರೆ, ಕೆರೇಲಿ ಬಾತುಕೋಳಿ, ಅದರ ಹಿಂದೆ ಪುಟ್ಟ ಸಾಹೇಬರು. ನಾನು ಕಣ್ಣು ಮುಚ್ಕೊಂಡು ಆ ಕೆರೆ ದಡದಲ್ಲೇ ಕೂತಿರ್ತೀನಿ. ಕೇಳಿಸ್ಕೊಂಡೆ ಅನ್ನೋಕೆ ಆಗಾಗ "ರೋಜರ್ ಸರ್" ಅಂತೀನಿ.

ತಿಂಗಳಾದ್ಮೇಲೆ ಸಾಹೇಬರು ಬೆನ್ನು ತಟ್ಟಿದ್ರು. "ನೋಡ್ರೀ, ಈಗ ಒಬ್ಬರೂ ನನ್ನ ಮಾತಿನ ಮಧ್ಯೆ ಬಾಯಿ ಹಾಕಲ್ಲ. ಶಿಸ್ತು ಅಂದ್ರೆ ಇದು."

ಮನೇಲಿ ಹೆಂಡ್ತಿಗೆ ಇದನ್ನೆಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸ್ತಾ ಪೂರ್ತಿ ಕೇಳಿಸ್ಕೊಂಡ್ಲು. ಆಮೇಲೆ ಅಂದ್ಲು, "ನಾನು ಮಾತಾಡುವಾಗ್ಲೂ ಕಣ್ಣು ಮುಚ್ಕೊಂಡು ಹೂಂ ಹೂಂ ಅಂತೀರಲ್ಲ, ನನ್ನನ್ನ ಎಷ್ಟನೇ ಚಾನೆಲ್‌ಗೆ ಹಾಕಿದ್ದೀರಿ?"