ಮಂಚದ ಕೆಳಗಿನ ಚಾಪೆ

ಡಾಕ್ಟರ್ ಇಂದುಮತಿ ಕಣ್ಣಿನ ಒಳಪರದೆಯ ಶಸ್ತ್ರಚಿಕಿತ್ಸೆಗೆ ಕೈಹಾಕಿದಾಗ ಆ ಸೀಮೆಯಲ್ಲಿ ಅದನ್ನು ಮಾಡುವವರು ಬೇರೆ ಯಾರೂ ಇರಲಿಲ್ಲ. ಗೋಡೆ ಬಿಟ್ಟ ಕಾಗದದಂತೆ ಕಿತ್ತುಬಂದ ಪರದೆಯನ್ನು ಅವರು ಮತ್ತೆ ಕೂರಿಸಿ, ಕಣ್ಣೊಳಗೆ ಒಂದು ಗಾಳಿಗುಳ್ಳೆ ಬಿಡುತ್ತಿದ್ದರು. ಗುಳ್ಳೆ ಮೇಲಕ್ಕೇರಿ ಪರದೆಯನ್ನು ಒತ್ತಿ ಹಿಡಿಯಬೇಕು. ಅದಕ್ಕಾಗಿ ರೋಗಿ ಕೆಲವು ದಿನ ಮುಖ ಕೆಳಗೆ ಮಾಡಿಯೇ ಮಲಗಬೇಕು.

ಕೈಚಳಕಕ್ಕೆ ಕೊರತೆಯಿರಲಿಲ್ಲ. ಆದರೂ ಕೆಲವರ ಕಣ್ಣು ಮತ್ತೆ ಕೆಡುತ್ತಿತ್ತು. ಯಾಕೆಂದು ತಿಳಿಯಲು ಡಾಕ್ಟರು ವಾರ್ಡಿನಲ್ಲೇ ಕೂತು ನೋಡಿದರು. ಮೂಸಂಬಿ ಹಿಡಿದು ನೆಂಟರು ಬರುತ್ತಿದ್ದರು. ಮರ್ಯಾದೆ ಕೊಡಲು ರೋಗಿಗಳು ಎದ್ದು ಕೂರುತ್ತಿದ್ದರು. ಗುಳ್ಳೆ ಸರಿಯುತ್ತಿತ್ತು. ಚಹಾ ಕುಡಿದು ನೆಂಟರು ಹೋಗುತ್ತಿದ್ದರು, ಅವರ ಹಿಂದೆಯೇ ಕಣ್ಣೂ ಹೋಗುತ್ತಿತ್ತು. ಮುಖ ಕೆಳಗಿಟ್ಟು ಮಲಗಿದಲ್ಲಿಂದಲೇ ಮಾತಾಡಲಿ ಎಂದು ಡಾಕ್ಟರು ಮಂಚಗಳಿಗೆ ಮುಖದಷ್ಟು ಅಗಲದ ಕಿಂಡಿ ಕೊರೆಸಿದರು.

ಕಸೂತಿ ಹಾಕುವ ನೀಲವ್ವನಿಗೆ ಒಂದು ಕಣ್ಣು ಮೊದಲೇ ಹೋಗಿತ್ತು. ಉಳಿದ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ, ಪಟ್ಟಿ ಕಟ್ಟಿಸಿಕೊಂಡು ಕಿಂಡಿಯಲ್ಲಿ ಮುಖವಿಟ್ಟು ಮಲಗಿದ್ದಳು. ಆಗ ಅವಳ ಮಗಳ ಮಾವ ಶಿವಪುತ್ರಪ್ಪ ಇಸ್ತ್ರಿ ಧೋತರ ಉಟ್ಟು, ತಲೆಗೆ ಪಟಗ ಸುತ್ತಿ, ಹೆಂಡತಿಯ ಜೊತೆ ಬಂದ.

"ಏನ್ರೀ ಬೀಗ್ತಿ, ಅಷ್ಟು ದೂರದಿಂದ ಬಂದೀವಿ, ನೀವು ಬೆನ್ನು ತೋರಿಸಿ ಮಲಗೀರಲ್ಲ!"

"ತಪ್ಪಾತ್ರೀ, ಎದ್ದೆ" ಎಂದು ನೀಲವ್ವ ಗಾಬರಿಯಿಂದ ಮಂಚಕ್ಕೆ ಕೈ ಊರಿದಳು.

"ಏಳಬ್ಯಾಡ್ರಿ!" ಡಾಕ್ಟರು ಬಾಗಿಲಿಂದ ಓಡಿ ಬಂದರು. ಯಾರನ್ನೂ ಬೈಯಲಿಲ್ಲ. ಮೂಲೆಯ ಚಾಪೆ ಎಳೆದು ಮಂಚದ ಕೆಳಗೆ ಹಾಸಿ, ಬಿಳಿ ಕೋಟಿನಲ್ಲೇ ಅಂಗಾತ ಮಲಗಿದರು. "ಬರ್ರಿ ಬೀಗರ, ಇಲ್ಲಿಂದ ನಿಮ್ಮ ಬೀಗ್ತಿ ಮುಖ ಚಂದ ಕಾಣ್ತದ."

ಶಿವಪುತ್ರಪ್ಪ ತನ್ನ ಧೋತರ ನೋಡಿಕೊಂಡ. "ನಾ ಹುಡುಗನ ತಂದಿ ಅದೀನ್ರೀ!"

"ಹಂಗಾದ್ರ ನೀವು ನಿಂತಿರ್ರಿ, ಹುಡುಗನ ತಾಯಿ ಹೋಗ್ತಾಳ" ಎಂದು ಅವನ ಹೆಂಡತಿ ಸೆರಗು ಸಿಕ್ಕಿಸಿ ಕೆಳಗೆ ತೂರಿದಳು. ಮಂಚದಡಿಯಿಂದ ಮಾತು, ನಗು ಶುರುವಾಯಿತು. ಒಬ್ಬನೇ ನಿಂತು ಸಾಕಾಗಿ ಅವನೂ ತೆವಳಿದ. ಪಟಗ ಮಂಚಕ್ಕೆ ಸಿಕ್ಕಿ ಬಿಚ್ಚಿಕೊಂಡಿತು.

"ನೀಲವ್ವಾ, ಇವರ ಬೋಳತಲಿ ಫಳಫಳ ಹೊಳೀಲಿಕ್ಕತ್ತದ! ಇದನ್ನ ನೋಡಾಕರ ನಿಮ್ಮ ಕಣ್ಣು ಲಗೂನ ಬರ್ಲಿ!" ಎಂದಳು ಹೆಂಡತಿ.

ನೀಲವ್ವ ನಕ್ಕ ರಭಸಕ್ಕೆ ಮಂಚ ಅಲುಗಿತು.

"ನಗ್ರಿ, ತಲಿ ಮಾತ್ರ ಎತ್ತಬ್ಯಾಡ್ರಿ" ಎಂದು ಡಾಕ್ಟರೂ ನಕ್ಕರು.

ನೀಲವ್ವನ ಕಣ್ಣು ಉಳಿಯಿತು. ಮುಂದೆ ಈ ವಿದ್ಯೆ ಕಲಿಯಲು ಊರೂರಿನಿಂದ ಡಾಕ್ಟರುಗಳು ಬಂದರು. ಬಂದವರಿಗೆ ಇಂದುಮತಿ ಸೂಜಿ ಕತ್ತರಿ ತೋರಿಸುವ ಮೊದಲು ಆ ಚಾಪೆಯ ಮೇಲೆ ಮಲಗಿ ರೋಗಿಯೊಡನೆ ಮಾತಾಡಲು ಹೇಳುತ್ತಿದ್ದರು.

ನೀತಿ: ಕಾಯಿಲೆಯವರನ್ನು ನೋಡಲು ಹೋಗುವಾಗ ದೊಡ್ಡಸ್ತಿಕೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಅವರು ಏಳಬಾರದಾದರೆ ನಾವೇ ನೆಲಕ್ಕೆ ಬಗ್ಗಬೇಕು.