ಬಲೆಯ ದಾರದ ಗಾಳಿಗಂಟೆ

ಕಡಲ ತೀರದ ಒಂದು ಊರಿನಲ್ಲಿ ಸೂರಪ್ಪ ಎಂಬ ಮುದುಕನಿದ್ದ. ಕಣ್ಣು ಕಾಣದಿದ್ದರೂ ಹರಿದ ಬಲೆಯನ್ನು ಬೆರಳಲ್ಲೇ ತಡವಿ ಸರಿಮಾಡುತ್ತಿದ್ದ. ಮನೆಯಿಂದ ಬಲೆಯ ಚಪ್ಪರಕ್ಕೆ ಹೋಗುವ ದಾರಿಯ ಬದಿಯಲ್ಲೇ ಬಾವಿ. ಮೊದಲ ಮಳೆಗೇ ಅದರ ಕಟ್ಟೆ ಕುಸಿದುಬಿತ್ತು.

ಮಳೆ ನಿಲ್ಲುವ ತನಕ ಹೊಸ ಕಟ್ಟೆ ಕಟ್ಟುವಂತಿರಲಿಲ್ಲ. ಸೊಸೆ ಜಲಜಾಕ್ಷಿ ಒಂದು ಉಪಾಯ ಹೂಡಿದಳು. ಕಡಲ ಚಿಪ್ಪುಗಳಿಂದ ಗಾಳಿಗಂಟೆ ಮಾಡಿ ಬಾವಿಯ ಪಕ್ಕದ ಪೇರಳೆ ಕೊಂಬೆಗೆ ಕಟ್ಟುವುದು. ಸದ್ದು ಕೇಳಿದರೆ ಮಾವ ದೂರ ಸರಿದು ನಡೆಯುತ್ತಾರೆ.

"ದಾರ ಯಾವುದು ಮಗಳೇ? ಬಲೆಯ ದಾರ ರಾಶಿ ಬಿದ್ದುಂಟು, ತಗೊ" ಎಂದ ಸೂರಪ್ಪ.

"ಅದು ಮೀನು ನಾತ ಮಾವ! ಸೀರೆ ಕುಚ್ಚಿನ ಕೆಂಪು ರೇಷ್ಮೆ ಉಂಟು. ಎಳೆದು ನೋಡಿದೆ, ಗಟ್ಟಿಯೇ."

"ಒಣಗಿದಾಗ ಎಲ್ಲ ದಾರವೂ ಭೀಮನೇ. ನೆನೆಸಿ, ಚಿಪ್ಪಿನ ಅಂಚಿಗೆ ಉಜ್ಜಿ ನೋಡು."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ! ಬಲೆಯವರ ಮನೆಯಲ್ಲೇ ಬಲೆಯ ದಾರಕ್ಕೆ ಬೆಲೆಯಿಲ್ಲ. ಜಲಜಾಕ್ಷಿ ನೆನೆಸಲೂ ಇಲ್ಲ, ಉಜ್ಜಲೂ ಇಲ್ಲ, ರೇಷ್ಮೆಯಲ್ಲೇ ಕಟ್ಟಿದಳು. ನೆರೆಯವರು ಹೊಗಳಿದರು. ಅವಳು ಉಬ್ಬಿದಳು.

ಇಪ್ಪತ್ತು ದಿನ ಮಳೆಗಾಳಿ ಬೀಸಿತು. ಒಂದು ಬೆಳಿಗ್ಗೆ ದೋಸೆ ಎರೆಯುತ್ತಿದ್ದ ಜಲಜಾಕ್ಷಿ ತಟ್ಟನೆ ಕಿವಿಗೊಟ್ಟಳು. ಗಾಳಿಯಿದೆ, ಗಂಟೆಯ ಸದ್ದಿಲ್ಲ! ಸೌಟು ಬಿಸಾಡಿ ಓಡಿದಳು.

"ಮಾವಾ, ನಿಲ್ಲಿ!"

ಸೂರಪ್ಪ ನಿಂತ. ಅವನ ಕಾಲಿಗೆ ತಾಗಿದ ಕಲ್ಲೊಂದು ಬಾವಿಯೊಳಗೆ ಗುಳುಂ ಎಂದಿತು. ಸದ್ದು ಕೇಳದ್ದರಿಂದ, ಬಾವಿ ಇನ್ನೂ ದೂರವಿದೆ ಎಂದುಕೊಂಡೇ ಅವನು ನಡೆದಿದ್ದ. ಗಂಟೆ ಕೆಸರಿನಲ್ಲಿ ಬಿದ್ದಿತ್ತು. ಎಲ್ಲ ಚಿಪ್ಪುಗಳ ಭಾರ ಹೊತ್ತಿದ್ದ ಮೇಲಿನ ದಾರ ಚಿಪ್ಪಿನ ತೂತಿನ ಅಂಚಿಗೆ ಸವೆದು ತುಂಡಾಗಿತ್ತು.

ಜಲಜಾಕ್ಷಿ ಅವನ ಕೈ ಹಿಡಿದು ಅತ್ತಳು. "ಬೈಯಿರಿ ಮಾವ."

"ಬೈದರೆ ದಾರ ಗಟ್ಟಿಯಾಗ್ತದಾ? ಚಿಪ್ಪು ಹೆಕ್ಕು."

ಅಂದೇ ಅವಳು ಬಲೆಯ ದಾರವನ್ನು ನೆನೆಸಿ ಚಿಪ್ಪಿನ ಅಂಚಿಗೆ ನೂರು ಸಲ ಉಜ್ಜಿದಳು. ಒಂದು ಎಳೆಯೂ ಏಳಲಿಲ್ಲ. ತೂತುಗಳ ಅಂಚನ್ನು ನಯಮಾಡಿ, ಬಲೆಗೆ ಹಾಕುವ ಗಂಟನ್ನೇ ಬಿಗಿದು ಗಂಟೆಯನ್ನು ಮತ್ತೆ ಕೊಂಬೆಗೆ ಕಟ್ಟಿದಳು. ಮೀನಿನ ನಾತ ಎರಡು ಮಳೆಗೆ ತೊಳೆದುಹೋಯಿತು. ಆ ಮಳೆಗಾಲವಿಡೀ ಗಂಟೆ ಒಂದು ದಿನವೂ ಸುಮ್ಮನಾಗಲಿಲ್ಲ, ಮುದುಕನ ಹೆಜ್ಜೆಯೂ ತಪ್ಪಲಿಲ್ಲ.

ನೀತಿ: ಭಾರ ಹೊರಬೇಕಾದದ್ದನ್ನು ಚಂದ ನೋಡಿ ಆರಿಸಬೇಡಿ, ಮಳೆಗೂ ಸವೆತಕ್ಕೂ ಒಡ್ಡಿ ಆರಿಸಿ. ಗಟ್ಟಿಯಾದದ್ದು ಬಹಳ ಸಲ ನಮ್ಮ ಮನೆಯಲ್ಲೇ ಬಿದ್ದಿರುತ್ತದೆ.