ಮೊದಲ ದೋಸೆ

ಬೆಂಗಳೂರಿನ ಆ ಬೀದಿಯ ತುಂಬ ಹೋಟೆಲುಗಳು. ಕಾವಲಿಯಿಂದ ಎದ್ದ ಮೊದಲ ದೋಸೆ ಗಿರಾಕಿಗಲ್ಲ. ಅದನ್ನು ಹಿತ್ತಲ ಗೋಡೆಯ ಮೇಲೆ ಹಕ್ಕಿಗಳಿಗೆ ಇಡುವುದು ಅಲ್ಲಿಯ ವಾಡಿಕೆ. ಒಂದು ಬೆಳಿಗ್ಗೆ ಅಂಥ ದೋಸೆಯ ಮುಂದೆ ಕೂತ ಗೊರವಂಕ ಹಸಿದ ಕಾಗೆಯನ್ನು ಕರೆಯಿತು: "ಬನ್ನಿ, ಬಿಸಿಯಾಗಿದೆ."

"ತಾಳಿ," ಎಂದಿತು ಕಾಗೆ. "ಮೂಲೆಯ ಹೋಟೆಲಿನಲ್ಲಿ ತುಪ್ಪ ಹಾಕುತ್ತಾರಂತೆ. ನೋಡಿ ಬರುತ್ತೇನೆ."

ಮೂಲೆಯಲ್ಲಿ ತುಪ್ಪದ ದೋಸೆ ಇತ್ತು. ಅಷ್ಟರಲ್ಲಿ ಎದುರು ಸಾಲಿನಿಂದ ಈರುಳ್ಳಿಯ ಘಮ ಬಂತು. ಕಾಗೆ ಅಲ್ಲಿಗೆ ಹಾರಿತು. ಇನ್ನೇನು ಕೊಕ್ಕು ಹಾಕಬೇಕು, ದೂರದ ಗೋಡೆಯ ಮೇಲೆ ಹಕ್ಕಿಗಳ ಗುಂಪು ಕಂಡಿತು. "ಅಷ್ಟು ಮಂದಿ ಮುತ್ತಿದ್ದಾರೆಂದರೆ ಅಲ್ಲೇ ರುಚಿ ಇರಬೇಕು" ಎಂದು ಅತ್ತ ಧಾವಿಸಿತು. ತಲುಪುವ ಹೊತ್ತಿಗೆ ಅಲ್ಲಿ ಏನೂ ಉಳಿದಿರಲಿಲ್ಲ. ಹಿಂದಿರುಗುವ ದಾರಿಯ ಗೋಡೆಗಳೂ ಬರಿದಾಗಿದ್ದವು.

ಗೊರವಂಕ ಕೊಕ್ಕು ಒರೆಸಿಕೊಳ್ಳುತ್ತ ಕೇಳಿತು: "ಎಲ್ಲಿ ತಿಂದಿರಿ?"

"ಎಲ್ಲೂ ಇಲ್ಲ. ಆದರೆ ನೀವು ಇಲ್ಲಿ ತಿನ್ನಬಾರದಿತ್ತು. ಆ ತುಪ್ಪವೇನು, ಆ ಈರುಳ್ಳಿಯೇನು! ಇದೂ ಒಂದು ದೋಸೆಯೇ?"

ಗೊರವಂಕದ ಹೊಟ್ಟೆ ತುಂಬಿತ್ತು. ಮರುದಿನ ಅದೇ ಗೋಡೆಗೆ ಬಿಸಿ ದೋಸೆ ಬಂದಾಗ ಮಾತ್ರ, ಅದು ಕತ್ತು ಚಾಚಿ ಮೂಲೆಯ ಹೋಟೆಲಿನ ಕಡೆಗೇ ನೋಡುತ್ತಿತ್ತು.